ಮೊಮ್ಮಗಳ ಚಿಕಿತ್ಸೆ, ಅಟ್ಟದ ಕಾಯಿ, ಇನ್ನೂ ಕೆಲವು ವಿಷಯ



ಹೋದ ಸಲ ತೆಂಗಿನ ಕಾಂಡ ಸೋರುವ ರೋಗದ ಬಗ್ಗೆ ಅರ್ಧ ಬರೆದು ಬಿಟ್ಟಿದ್ದೆ. ಉಳಿದದ್ದನ್ನ ಇನ್ನೊಂದು ವಾರದಲ್ಲಿ ಹಾಕ್ತೀನಿ. ಈ ಸಲ ಬೆಳೆ ವಿಷಯ ಅಲ್ಲ. ಎರಡು ವರ್ಷದಿಂದ ನಾನು ಇಲ್ಲಿ ತಿಂಗಳುಗಟ್ಟಲೆ ಏನೂ ಬರೀದೆ ಇದ್ದದ್ದು ಯಾಕೆ ಅಂತ ಸುಮಾರು ಜನ ಕೇಳಿದ್ರಿ. ನಮ್ಮೂರಿನವರಿಗೆ ಗೊತ್ತು, ಪಕ್ಕದ ಹೋಬಳಿಯವರಿಗೆ ಗೊತ್ತಿಲ್ಲ. ಈಗ ಬರೆಯೋದಕ್ಕೆ ಒಂದು ಕಾರಣ ಇದೆ, ಅದನ್ನ ಮುಂದೆ ಹೇಳ್ತೀನಿ. ಉದ್ದ ಆಗುತ್ತೆ. ರಾಗಿ ಒಕ್ಕಣೆ ಇಟ್ಟುಕೊಂಡಿರೋರು ರಾತ್ರಿ ಓದಿ.

ನನ್ನ ಮೊಮ್ಮಗಳಿಗೆ 2023ರ ಆಗಸ್ಟ್‌ನಲ್ಲಿ ಬ್ಲಡ್ ಕ್ಯಾನ್ಸರ್ ಅಂತ ಗೊತ್ತಾಯ್ತು. ಆಗ ಅವಳಿಗೆ ನಾಲ್ಕೂವರೆ ವರ್ಷ. ಇಲ್ಲಿ ಪುಟ್ಟಿ ಅಂತ ಬರೀತೀನಿ, ನಾಳೆ ದೊಡ್ಡವಳಾದ ಮೇಲೆ ಯಾರೋ ಇದನ್ನ ತೋರಿಸಿ ಆಡಿಕೊಳ್ಳೋದು ಬೇಡ.

ಶುರುವಾಗಿದ್ದು ಜ್ವರದಿಂದ. ಸಿರಪ್ ಕುಡಿಸಿದರೆ ಇಳಿಯೋದು, ಮೂರು ದಿನ ಬಿಟ್ಟು ಮತ್ತೆ ಬರೋದು. ಮೂರು ವಾರ ಹೀಗೇ ಆಯ್ತು. ರಾತ್ರಿ ಕಾಲು ನೋವು ಅಂತ ಅಳೋಳು. ಮೊಣಕಾಲ ಕೆಳಗೆ, ಬೆನ್ನ ಮೇಲೆ ನೀಲಿ ನೀಲಿ ಕಲೆ. ಎಲ್ಲಿ ಬಿದ್ದೆ ಅಂದ್ರೆ ಬಿದ್ದಿಲ್ಲ ಅನ್ನೋಳು. ಮುಖ ಸುಣ್ಣ ಬಳಿದ ಗೋಡೆ ಥರ ಬಿಳಿಚಿಕೊಂಡಿತ್ತು. ನಮ್ಮವಳು ದೃಷ್ಟಿ ತೆಗೆದಳು, ಮನೆದೇವರಿಗೆ ಮುಡಿಪು ಕಟ್ಟಿದಳು. ಒಂದು ಕ್ಲಿನಿಕ್‌ನಲ್ಲಿ ಎರಡು ಸಲ ಆಂಟಿಬಯಾಟಿಕ್ ಬರೆದುಕೊಟ್ಟರು, ರಕ್ತ ಪರೀಕ್ಷೆ ಮಾಡಿಸಲಿಲ್ಲ. ಆಮೇಲೆ ತಿಪಟೂರಿನಲ್ಲಿ ಇನ್ನೊಬ್ಬರು ಮಕ್ಕಳ ಡಾಕ್ಟರು ಕಣ್ಣಿನ ರೆಪ್ಪೆ ಕೆಳಗೆ ಎಳೆದು ನೋಡಿದರು, ಹೊಟ್ಟೆ ಮುಟ್ಟಿ ನೋಡಿದರು, ಮಾತೇ ಆಡದೆ ರಕ್ತಕ್ಕೆ ಚೀಟಿ ಬರೆದರು. ಸಂಜೆ ರಿಪೋರ್ಟ್ ಬಂತು. ಹಿಮೋಗ್ಲೋಬಿನ್ 5. ಒಂದೂವರೆ ಲಕ್ಷಕ್ಕಿಂತ ಮೇಲಿರಬೇಕಾದ ಪ್ಲೇಟ್‌ಲೆಟ್ 18,000. ಬಿಳಿ ರಕ್ತಕಣ 62,000. "ಬೆಳಗಾಗೋದು ಕಾಯಬೇಡಿ, ಈಗಲೇ ಬೆಂಗಳೂರಿಗೆ ಹೊರಡಿ" ಅಂದರು.

ಇಷ್ಟು ವಿವರ ಯಾಕೆ ಬರೆದೆ ಅಂದ್ರೆ, ಮಗುವಿಗೆ ಬಿಟ್ಟು ಬಿಟ್ಟು ಬರೋ ಜ್ವರ, ಬಿಳಿಚೋದು, ಬೀಳದೆ ಕಲೆ ಏಳೋದು, ವಸಡಲ್ಲಿ ರಕ್ತ, ಮೂಳೆ ನೋವು ಇವು ಒಟ್ಟಿಗೆ ಕಂಡ್ರೆ ಒಂದು ಸಿಬಿಸಿ ರಕ್ತ ಪರೀಕ್ಷೆ ಮಾಡಿಸಿ. ಒಂದು ಕೇಜಿ ಬೂಸಾ ಬೆಲೆಗಿಂತ ಜಾಸ್ತಿ ಆಗಬಹುದು, ಒಂದು ಮೂಟೆಯಷ್ಟು ಖಂಡಿತ ಆಗಲ್ಲ.

ಕಿದ್ವಾಯಿಗೆ ಹೋದ್ವಿ. ಹೊಸೂರು ರಸ್ತೆಯಲ್ಲಿ, ಡೈರಿ ಸರ್ಕಲ್ ಹತ್ತಿರ, ನಿಮ್ಹಾನ್ಸ್ ಪಕ್ಕ. ರಫಿ ಅಹಮದ್ ಕಿದ್ವಾಯಿ ಅನ್ನೋರ ಹೆಸರು ಅದಕ್ಕೆ, ಅವರು ನೆಹರೂ ಸಂಪುಟದಲ್ಲಿ ಆಹಾರ ಮತ್ತು ಕೃಷಿ ಮಂತ್ರಿ ಆಗಿದ್ದವರು. ನಮ್ಮ ಇಲಾಖೆಯವರು ಅಂತ ಆಮೇಲೆ ಗೊತ್ತಾಗಿ ನಗು ಬಂತು. ಅವತ್ತು ನಗು ಎಲ್ಲಿಂದ ಬರಬೇಕು. ಬೆನ್ನ ಕೆಳಗಿನ ಮೂಳೆಯಿಂದ ಮಜ್ಜೆ ತೆಗೆದು ಪರೀಕ್ಷೆ ಮಾಡಿದರು. ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ. ಎಎಲ್ಎಲ್ ಅಂತಾರೆ. ಮಕ್ಕಳಿಗೆ ಬರೋ ಕ್ಯಾನ್ಸರ್‌ಗಳಲ್ಲೆಲ್ಲಾ ಇದೇ ಹೆಚ್ಚು. ನನ್ನ ಮಗ ಮೊದಲು ಕೇಳಿದ್ದು, "ಬದುಕ್ತಾಳಾ ಸಾರ್?" ಡಾಕ್ಟರು ಹೇಳಿದ್ದು ಹೀಗೆ: ಮಕ್ಕಳಲ್ಲಿ ಇದು ವಾಸಿ ಆಗೋ ಕಾಯಿಲೆ, ಹೊರದೇಶದ ಒಳ್ಳೆ ಆಸ್ಪತ್ರೆಗಳಲ್ಲಿ ನೂರಕ್ಕೆ 90ರ ಹತ್ತಿರ ಮಕ್ಕಳು ಉಳೀತಾರೆ, ನಮ್ಮಲ್ಲಿ ಅಷ್ಟಿಲ್ಲ. ಯಾಕೆ ಇಲ್ಲ ಅಂದ್ರೆ ಒಂದು ಸೋಂಕು, ಇನ್ನೊಂದು ಅಪ್ಪ ಅಮ್ಮ ಮಧ್ಯದಲ್ಲಿ ಚಿಕಿತ್ಸೆ ಬಿಟ್ಟು ಮಗು ಕರಕೊಂಡು ಹೋಗೋದು. "ಒಟ್ಟು ಎರಡರಿಂದ ಎರಡೂವರೆ ವರ್ಷ. ಇರ್ತೀರಾ?" ಅಂತ ನಮ್ಮನ್ನೇ ತಿರುಗಿ ಕೇಳಿದರು.

ಹೂಂ ಅಂದ್ವಿ. ಆಗ ಯಾರಾದ್ರೂ ಹೂಂ ಅಂತಾರೆ. ಪ್ರಶ್ನೆ ಬರೋದು ಒಂದು ತಿಂಗಳ ಮೇಲೆ.

ಮೊದಲ ತಿಂಗಳ ಬಗ್ಗೆ ಜಾಸ್ತಿ ಬರೆಯಲ್ಲ. ವಾರಕ್ಕೊಂದು ಕೀಮೋ ಇಂಜೆಕ್ಷನ್, ಬೆನ್ನುಹುರಿ ನೀರಿಗೆ ಇಂಜೆಕ್ಷನ್, ಅದಕ್ಕೆ ಮಗುನ ಮೊಣಕಾಲು ಎದೆಗೆ ತಾಗೋ ಹಾಗೆ ಮಡಚಿ ಹಿಡೀತಾರೆ. ಮಗ ಆಚೆ ಹೋಗಿಬಿಡೋನು, ಸೊಸೆ ಹತ್ತಿರ ನಿಲ್ಲೋಳು. ದಿನಾ ಸ್ಟೀರಾಯ್ಡ್ ಮಾತ್ರೆ. ಆ ಮಾತ್ರೆಗೆ ಹಸಿವು ಅಂದ್ರೆ ಎಂಥಾ ಹಸಿವು! ರಾತ್ರಿ ಎರಡು ಗಂಟೆಗೆ ಎದ್ದು ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಬೇಕು ಅನ್ನೋಳು. ಬೆಂಗಳೂರಲ್ಲಿ ಆ ಹೊತ್ತಲ್ಲಿ ಹುಚ್ಚೆಳ್ಳು ಚಟ್ನಿ ಎಲ್ಲಿ ತರೋದು. ನಮ್ಮವಳು ಒಂದು ಡಬ್ಬಿ ಚಟ್ನಿಪುಡಿ ಹುರಿದು ಕುಟ್ಟಿ ಕಳಿಸಿದಳು. ಮುಖ ಗುಂಡಗೆ ಊದಿಕೊಂಡಿತು, ಕೂದಲು ದಿಂಬಿನ ಮೇಲೆ ಉದುರಿತು. ಬಾಯೆಲ್ಲಾ ಹುಣ್ಣಾದಾಗ ಅದೇ ಚಟ್ನಿ ಡಬ್ಬಿ ನೋಡಿ ಅಳೋಳು, ತಿನ್ನಕ್ಕಾಗ್ತಿರಲಿಲ್ಲ.

ದುಡ್ಡಿನ ವಿಷಯ ನೇರವಾಗಿ ಹೇಳಿಬಿಡ್ತೀನಿ, ಎಲ್ಲರ ಮನಸ್ಸಲ್ಲೂ ಅದೇ ಇರುತ್ತೆ. ನಮ್ಮದು ಬಿಪಿಎಲ್ ಕಾರ್ಡು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಚಿಕಿತ್ಸೆ ಇದೆ. ಎಪಿಎಲ್ ಆದ್ರೆ ಪ್ಯಾಕೇಜಿನ ಶೇಕಡಾ 30, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ಆಧಾರ್, ರೇಷನ್ ಕಾರ್ಡ್ ಎರಡರಲ್ಲೂ ಮಗುವಿನ ಹೆಸರು ಒಂದೇ ಥರ ಇರಬೇಕು. ರೇಷನ್ ಕಾರ್ಡಿಗೆ ಮಗುವಿನ ಹೆಸರು ಸೇರಿಸದೆ ಇಟ್ಟಿರೋರು ನಮ್ಮೂರಲ್ಲೇ ಹತ್ತು ಮನೆ ಇದ್ದಾವೆ, ಇವತ್ತೇ ಸೇರಿಸಿ. ರೈಲಿನಲ್ಲಿ ಕ್ಯಾನ್ಸರ್ ರೋಗಿಗೂ ಜೊತೆಗೆ ಹೋಗೋ ಒಬ್ಬರಿಗೂ ರಿಯಾಯಿತಿ ಇದೆ, ಆಸ್ಪತ್ರೆಯಿಂದ ಅದರ ಫಾರಂ ಬರೆಸಿಕೊಂಡು ಬರಬೇಕು. ಬಸ್ಸಿಗೆ ಸೊಸೆಗೆ ಶಕ್ತಿ ಯೋಜನೆ ಇತ್ತು.

ಅಂದ್ರೆ ಔಷಧಿ ದುಡ್ಡಲ್ಲ ನಮ್ಮನ್ನ ಮುರಿದಿದ್ದು. ಮುರಿದಿದ್ದು ಉಳಿದದ್ದು. ಆಸ್ಪತ್ರೆ ಹತ್ತಿರದ ಒಂದು ಕೋಣೆ ಬಾಡಿಗೆ, ಊಟ, ಆಟೋ, ಯೋಜನೆಗೆ ಬಾರದ ಸಣ್ಣಪುಟ್ಟ ಪರೀಕ್ಷೆ. ಮಗ ತಿಪಟೂರಲ್ಲಿ ಗೂಡ್ಸ್ ಆಟೋ ಓಡಿಸೋನು, ಗಾಡಿ ನಿಂತಿತು, ಸಾಲದ ಕಂತು ನಿಲ್ಲಲಿಲ್ಲ. ಮೊದಲ ಎಂಟು ತಿಂಗಳಲ್ಲಿ ನಾನು ಬರೆದಿಟ್ಟ ಲೆಕ್ಕ 1,90,000. ಆ ವರ್ಷ ನಿಮಗೆ ಗೊತ್ತೇ ಇದೆ. 2023. ಮಳೆ ಕೈಕೊಟ್ಟಿತ್ತು, ರಾಗಿ ತೆನೆ ಕಟ್ಟಲೇ ಇಲ್ಲ. ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ಅಂತ ಇದ್ದದ್ದು, ಮಾರುಕಟ್ಟೆಯಲ್ಲಿ ಅದರ ಹತ್ತಿರವೂ ಇರಲಿಲ್ಲ.

ಅಟ್ಟದ ಮೇಲೆ ಒಂಬತ್ತು ಸಾವಿರ ಕಾಯಿ ಇತ್ತು. ಏಳೂವರೆ ತಿಂಗಳ ಕಾಯಿ. ಉಂಡೆ ಕೊಬ್ಬರಿ ಆಗೋದಕ್ಕೆ ಹತ್ತು ಹನ್ನೊಂದು ತಿಂಗಳು ಬೇಕು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಅಲ್ಲಾಡಿಸಿದರೆ ಮೂರರಲ್ಲಿ ಒಂದು ಪಾಲು ಮಾತ್ರ ಒಳಗೆ ಸದ್ದು ಬರ್ತಿತ್ತು. ಎರಡು ಹಸು ಇದ್ದವು, ಒಂದು ಗಬ್ಬ. ಗಬ್ಬದ್ದನ್ನ ಉಳಿಸಿಕೊಂಡು ಕರೆಯೋದನ್ನ ಮಾರಿದೆ, ಕಾಯಿ ಪೂರ್ತಿ ಇಳಿಸಿದೆ. ವ್ಯಾಪಾರಿ ಅಟ್ಟದ ಕೆಳಗೆ ನಿಂತು ಒಂದೊಂದು ಕಾಯಿ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, "ಇನ್ನು ಮೂರು ತಿಂಗಳು ತಡೀರಿ ಯಜಮಾನ್ರೆ, ಯಾಕೆ ನಷ್ಟ ಮಾಡ್ಕೋತೀರ" ಅಂದ. ಪಾಪ, ಅವನಿಗೆ ಗೊತ್ತಿರಲಿಲ್ಲ. ಒಳ್ಳೆ ಮಾತೇ ಹೇಳಿದ. ಖಾಲಿ ಅಟ್ಟ ನೋಡಿ ನಮ್ಮವಳು ಅವತ್ತು ರಾತ್ರಿ ದೀಪ ಹಚ್ಚಲಿಲ್ಲ.

ಈಗ ಆ ತಿಂಗಳ ಕೊನೆಗೆ ಬರ್ತೀನಿ. ಸೆಪ್ಟೆಂಬರ್‌ನಲ್ಲಿ ಮತ್ತೆ ಮಜ್ಜೆ ಪರೀಕ್ಷೆ ಮಾಡಿದರು. ಕ್ಯಾನ್ಸರ್ ಕಣ ಕಾಣಿಸ್ತಿಲ್ಲ ಅಂತ ಬಂತು. ರಿಮಿಷನ್ ಅಂತಾರೆ. ಜ್ವರ ಇಲ್ಲ, ಕಲೆ ಇಲ್ಲ, ಪ್ಲೇಟ್‌ಲೆಟ್ ಎರಡು ಲಕ್ಷ ದಾಟಿತ್ತು. ಮಗು ಊರಿಗೆ ಬಂದು ಕರುವಿನ ಹಿಂದೆ ಓಡ್ತಿತ್ತು. ಬೋಡು ತಲೆ ಒಂದು ಬಿಟ್ಟರೆ ಕಾಯಿಲೆ ಮಗು ಅಂತ ಯಾರೂ ಹೇಳೋ ಹಾಗಿರಲಿಲ್ಲ.

ಅವತ್ತು ರಾತ್ರಿ ಜಗಲಿ ಮೇಲೆ ನಮ್ಮಣ್ಣ, ಬೀಗರು, ಮಗ, ನಾನು ಕೂತ್ವಿ. ಅಣ್ಣ ಹೇಳಿದ್ದು ಕೆಟ್ಟ ಮನಸ್ಸಿಂದ ಅಲ್ಲ. "ರಿಪೋರ್ಟ್ ಸರಿ ಬಂದಿದೆ. ಮಗು ಆಡ್ತಾ ಇದೆ. ಇನ್ನೂ ಎರಡು ವರ್ಷ ಆ ವಿಷ ಯಾಕೆ ಸುರೀಬೇಕು? ಮಲೆನಾಡ ಕಡೆ ನಾಟಿ ಔಷಧಿ ಕೊಡ್ತಾರೆ, ತಿಂಗಳಿಗೊಂದು ಸಲ ಹೋಗಿ ಬಂದ್ರೆ ಸಾಕು. ಗಾಡಿ ಕಂತು ಕಟ್ಟದಿದ್ರೆ ಫೈನಾನ್ಸಿನವರು ಎಳಕೊಂಡು ಹೋಗ್ತಾರೆ." ಬೀಗರು ತಲೆ ಅಲ್ಲಾಡಿಸಿದರು. ಮಗ ನೆಲ ನೋಡ್ತಾ ಕೂತಿದ್ದ. ಅವನು ಒಂದು ತಿಂಗಳಲ್ಲಿ ಎಂಟು ಕೇಜಿ ಇಳಿದಿದ್ದ.

ಆಗ ಸೊಸೆ ಒಳಗಿಂದ ಒಂದು ಚೀಟಿ ತಂದು ನನ್ನ ಕೈಗೆ ಕೊಟ್ಟಳು. ಅವಳು ಪಿಯುಸಿ ಓದಿದ್ದಾಳೆ, ನನಗಿಂತ ಜಾಸ್ತಿ. ಇದೇ ಪ್ರಶ್ನೆ ಮನೆಯಲ್ಲಿ ಬರುತ್ತೆ ಅಂತ ಮೊದಲೇ ಗೊತ್ತಿತ್ತು ಕಾಣುತ್ತೆ, ಆಸ್ಪತ್ರೆಯಲ್ಲಿ ಡಾಕ್ಟರ್ ಹತ್ತಿರ ಕೇಳಿ ಬರೆಸಿಕೊಂಡು ಬಂದಿದ್ದಳು. ಮೇಲೆ ಒಂದು, ಅದರ ಮುಂದೆ ಹನ್ನೆರಡು ಸೊನ್ನೆ. ಕೆಳಗೆ ಒಂದು, ಅದರ ಮುಂದೆ ಹತ್ತು ಸೊನ್ನೆ. ಮೇಲಿನದು ಕಾಯಿಲೆ ಗೊತ್ತಾದ ದಿನ ಮೈಯಲ್ಲಿ ಇರೋ ಕೆಟ್ಟ ಕಣದ ಅಂದಾಜು, ಒಂದು ಲಕ್ಷ ಕೋಟಿ. ಒಂದು ತಿಂಗಳ ಔಷಧಿಗೆ ನೂರಕ್ಕೆ 99 ಸತ್ತರೂ ಸಾವಿರ ಕೋಟಿ ಉಳಿದಿರಬಹುದು. ಅಷ್ಟು ಉಳಿದಿದ್ರೂ ಮೈಕ್ರೋಸ್ಕೋಪಲ್ಲಿ ನೋಡಿದಾಗ ಮಜ್ಜೆ ಚೊಕ್ಕಟವಾಗಿಯೇ ಕಾಣಬಹುದು. ಮುಂದಿನ ಎರಡು ವರ್ಷ ಔಷಧಿ ಕೊಡೋದು ಆ ಕಾಣದೆ ಇರೋದಕ್ಕೆ.

ನಾನು ಬೆರಳಿಟ್ಟು ಸೊನ್ನೆ ಎಣಿಸಿದೆ. ಎರಡು ಸಲ.

ಅಣ್ಣನಿಗೆ ನಾನು ಹೇಳಿದ್ದು ಇಷ್ಟೇ: ಕೆರೆ ಹಿಂದಿನ ಹೊಲದಲ್ಲಿ ಕೊನ್ನಾರಿ ಇತ್ತಲ್ಲ, ಅಪ್ಪ ಇದ್ದಾಗ. ಉತ್ತು ಹರಗಿ ಮೇಲೆ ಒಂದು ಗರಿ ಕಾಣದ ಹಾಗೆ ಮಾಡಿದ್ವಿ. ನೆಲ ಕನ್ನಡಿ ಥರ ಇತ್ತು. ಗಡ್ಡೆ ಕೆಳಗೆ ಇತ್ತು. ಒಂದು ಹದ ಮಳೆ ಬಿದ್ದ ಹತ್ತು ದಿನಕ್ಕೆ ಏನಾಯ್ತು? ಅಣ್ಣನೇ ಆ ಹೊಲದಲ್ಲಿ ಮೂರು ವರ್ಷ ಬೆನ್ನು ಬಗ್ಗಿಸಿದವನು. ಅವನು ಏನೂ ಹೇಳದೆ ಎದ್ದು ಹೋದ. ಮಾರನೇ ಬೆಳಿಗ್ಗೆ ಬಂದು, ಗಾಡಿ ಎರಡು ಕಂತು ನಾನು ಕಟ್ತೀನಿ ಅಂದ. ಎರಡಲ್ಲ, ಐದು ಕಟ್ಟಿದ.

ಆ ವಾರ್ಡಿನಲ್ಲಿ ಬೇರೆ ಜಿಲ್ಲೆಯ ಒಂದು ಹುಡುಗ ಇದ್ದ, ಏಳು ವರ್ಷದವನು. ಅವರಪ್ಪ ಕೂಲಿ. ನಮಗಿಂತ ಮೊದಲು ಸೇರಿದ್ದವರು, ಮೊದಲ ತಿಂಗಳು ಮುಗಿಸಿ, ಹುಷಾರಾದ ಅಂತ ಹೋದರು. ಎಂಟು ತಿಂಗಳು ಬಿಟ್ಟು ಮತ್ತೆ ಬಂದಿದ್ದರು. ಕಾಯಿಲೆ ಮರಳಿತ್ತು. ಮರಳಿದ ಮೇಲೆ ಔಷಧಿ ಜೋರು, ವಾಸಿಯಾಗೋ ಆಸೆ ಕಡಿಮೆ. ಆ ಹುಡುಗ ಪುಟ್ಟಿಗೆ ಕಾಗದದಲ್ಲಿ ಟ್ರ್ಯಾಕ್ಟರ್ ಮಾಡಿಕೊಟ್ಟಿದ್ದ. ಚಕ್ರ ತಿರುಗೋ ಟ್ರ್ಯಾಕ್ಟರ್. ದೀಪಾವಳಿ ಆದ ಮೇಲೆ ನಾವು ಹೋದಾಗ ಆ ಮಂಚದಲ್ಲಿ ಬೇರೆ ಮಗು ಇತ್ತು. ಸೊಸೆ ನರ್ಸನ್ನ ಕೇಳಲಿಲ್ಲ, ನಾನೂ ಕೇಳಲಿಲ್ಲ.

ನೆಂಟರು ಊರವರು ನೋಡೋಕೆ ಬಂದ ವಿಷಯ. ಮೊದಲ ವಾರ ಮನೆ ತುಂಬ ಜನ. ಬಾಳೆಹಣ್ಣು, ಬ್ರೆಡ್ಡು, ಲಕ್ಷ್ಮಣ ಫಲದ ಎಲೆ. ಲಕ್ಷ್ಮಣ ಫಲದ ಎಲೆ ಒಂದು ಚೀಲ ಆಗಿತ್ತು! ವಾಟ್ಸಾಪಲ್ಲಿ ಬಂದದ್ದೆಲ್ಲಾ ನಮಗೆ ಕಳಿಸೋರು. ಒಬ್ಬರು ನಿತ್ಯಪುಷ್ಪದ ಎಲೆ ರಸ ಕುಡಿಸಿ ಅಂದ್ರು, ಕೀಮೋ ಅದರಿಂದಲೇ ಮಾಡೋದು ಅಂತ. ಅದು ಅರ್ಧ ನಿಜ. ಪುಟ್ಟಿಗೆ ವಾರ ವಾರ ಕೊಟ್ಟ ವಿನ್‌ಕ್ರಿಸ್ಟಿನ್ ಅನ್ನೋ ಇಂಜೆಕ್ಷನ್ ನಮ್ಮ ಬೇಲಿ ಸಾಲಿನ ಆ ನಿತ್ಯಪುಷ್ಪದ ಗಿಡದಿಂದಲೇ ಬಂದದ್ದು. ಕ್ವಿಂಟಲ್‌ಗಟ್ಟಲೆ ಎಲೆಯಿಂದ ಗ್ರಾಂ ಲೆಕ್ಕದಲ್ಲಿ ತೆಗೀತಾರೆ, ಮಗುವಿನ ಮೈ ಅಳತೆ ನೋಡಿ ಮಿಲಿಗ್ರಾಂ ಲೆಕ್ಕದಲ್ಲಿ ಕೊಡ್ತಾರೆ. ಆಡು ಕೂಡ ಬಾಯಿ ಹಾಕದ ಗಿಡದ ರಸ ಮಗುವಿಗೆ ಕುಡಿಸೋದಾ? ಪ್ರೀತಿಯಿಂದ ಹೇಳಿದ್ದಕ್ಕೆ ಬೈಯೋಕೂ ಆಗಲ್ಲ. ತಂದಿಟ್ಟ ಎಲೆಯೆಲ್ಲಾ ತಿಪ್ಪೆಗೆ ಹಾಕಿದೆ, ಒಳ್ಳೆ ಗೊಬ್ಬರ ಆಯ್ತು.

ಇನ್ನೊಂದು ಮಾತು, ಇದನ್ನ ಬರೀಲೇಬೇಕು. "ಯಾವ ಕಡೆಯಿಂದ ಬಂತು ಇದು, ತಾಯಿ ಕಡೆಯಿಂದಲಾ?" ಅಂತ ಸೊಸೆ ಎದುರಿಗೇ ಕೇಳಿದವರು ಇದ್ದಾರೆ. ಈ ಕಾಯಿಲೆ ಅಂಟೋದಲ್ಲ. ಬಹುತೇಕ ಮಕ್ಕಳಲ್ಲಿ ವಂಶದಿಂದ ಬರೋದೂ ಅಲ್ಲ. ನಾವು ತೋಟಕ್ಕೆ ಹೊಡೆದ ಔಷಧಿಯಿಂದ ಬಂತಾ ಅಂತ ನಾನೇ ಡಾಕ್ಟರನ್ನ ಕೇಳಿದೆ. ಒಂದು ಮಗುವಿಗೆ ಇಂಥದ್ದರಿಂದಲೇ ಬಂತು ಅಂತ ಯಾರೂ ಬೆರಳು ತೋರಿಸಕ್ಕೆ ಆಗಲ್ಲ ಅಂದರು. ಇಷ್ಟರ ಮೇಲೂ ಬಾಣಂತಿತನದ ಪಥ್ಯ, ಗ್ರಹಣ ಅಂತ ಒಂದು ಹೆಣ್ಣುಮಗಳನ್ನ ಚುಚ್ಚೋರಿಗೆ ನಾನು ನಮಸ್ಕಾರ ಹೇಳೋದು ಬಿಟ್ಟಿದ್ದೀನಿ.

ನಿಜವಾಗಿ ಕೈಹಿಡಿದೋರು ಮಾತಾಡದೆ ಕೆಲಸ ಮಾಡಿದೋರು. ಡೇರಿ ಸೆಕ್ರೆಟರಿ ನಾನು ಬೆಂಗಳೂರಲ್ಲಿ ಇದ್ದ ದಿನವೆಲ್ಲಾ ಹಸುವಿಗೆ ಮೇವು ನೀರು ನೋಡಿಕೊಂಡ, ಆಮೇಲೆ ಅದು ಕರು ಹಾಕಿದ ರಾತ್ರಿ ಕೊಟ್ಟಿಗೆಯಲ್ಲಿ ಅವನೇ ಮಲಗಿದ್ದ. ಪಕ್ಕದ ಮನೆಯವರು ಓಮ್ನಿ ಕೀ ನಮ್ಮ ಬಾಗಿಲ ಮೊಳೆಗೆ ನೇತು ಹಾಕಿ, ಯಾವ ಹೊತ್ತಲ್ಲಿ ಆದ್ರೂ ತಗೊಂಡು ಹೋಗಿ, ಕೇಳಬೇಡಿ ಅಂದರು. ನಾಲ್ಕು ಸಲ ತಗೊಂಡಿದ್ದೀವಿ. ಮತ್ತೆ ನಮ್ಮೂರ ಹುಡುಗರು. ಕೀಮೋ ಕೊಟ್ಟಾಗ ಒಳ್ಳೆ ಕಣವೂ ಸಾಯುತ್ತೆ, ಪ್ಲೇಟ್‌ಲೆಟ್ ಇಳಿಯುತ್ತೆ, ಆಗ ಕೊಡಲೇಬೇಕು. ಪ್ಲೇಟ್‌ಲೆಟ್ ಶೇಖರಿಸಿ ಇಡೋಕೆ ಆಗೋದು ಐದು ದಿನ ಮಾತ್ರ, ಅದೂ ತೊಟ್ಟಿಲು ಥರ ಅಲ್ಲಾಡ್ತಾ ಇರೋ ಮಿಷನ್ನಲ್ಲಿ. ಅದಕ್ಕೇ ಯಾವಾಗಲೂ ಅಭಾವ. ವಾಲಿಬಾಲ್ ಆಡೋ ಆರು ಹುಡುಗರು ಬೆಳಗಿನ ರೈಲಿಗೆ ಬಂದು, ಕೊಟ್ಟು, ಸಂಜೆ ರೈಲಿಗೆ ವಾಪಸ್ ಬಂದು ಹಾಲು ಕರೆದಿದ್ದಾರೆ. ರಕ್ತ ಕೊಟ್ಟರೆ ನೇಗಿಲು ಹಿಡಿಯೋ ಶಕ್ತಿ ಹೋಗುತ್ತೆ ಅನ್ನೋರು ಅವರನ್ನ ನೋಡಿ. 18 ತುಂಬಿ 45 ಕೇಜಿ ಮೇಲಿರೋ ಆರೋಗ್ಯವಂತರು ಕೊಡಬಹುದು, ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ.

ಪುಟ್ಟಿಯ ಅಣ್ಣನ ಬಗ್ಗೆ ಹೇಳಬೇಕು. ಆಗ ಅವನು ನಾಲ್ಕನೇ ಕ್ಲಾಸು. ಅಪ್ಪ ಅಮ್ಮ ಇಬ್ಬರೂ ಬೆಂಗಳೂರಲ್ಲಿ, ಅವನು ನಮ್ಮ ಜೊತೆ. ಬಂದವರೆಲ್ಲಾ ಪುಟ್ಟಿ ಹೇಗಿದ್ದಾಳೆ ಅಂತ ಕೇಳೋರು, ಅವನ ತಲೆ ಸವರಿ ಹೋಗೋರು. ಹುಡುಗ ಸ್ಕೂಲಲ್ಲಿ ಹೊಡೆದಾಡಿದ, ಕರುವಿಗೆ ಕಲ್ಲು ಹೊಡೆದ. ಒಂದು ರಾತ್ರಿ ನನ್ನ ಪಕ್ಕ ಮಲಗಿದ್ದವನು, "ಅಜ್ಜ, ನಂಗೂ ಜ್ವರ ಬಂದ್ರೆ ಅಮ್ಮ ನನ್ನನ್ನೂ ಬೆಂಗಳೂರಿಗೆ ಕರಕೊಂಡು ಹೋಗ್ತಾಳಾ?" ಅಂದ. ನನಗೆ ಉತ್ತರ ಹೊಳೀಲಿಲ್ಲ. ಮಾರನೇ ದಿನ ಸ್ಕೂಲು ಬಿಡಿಸಿ ರೈಲು ಹತ್ತಿಸಿದೆ. ವಾರ್ಡೊಳಗೆ ಮಕ್ಕಳನ್ನ ಬಿಡಲ್ಲ, ಆಚೆ ಮರದ ಕೆಳಗೆ ಅಮ್ಮನ ಜೊತೆ ಅರ್ಧ ದಿನ ಕೂತು, ಇಬ್ಬರೂ ಒಂದು ಪ್ಲೇಟ್ ಇಡ್ಲಿ ತಿಂದರು. ಆಮೇಲೆ ಅವನೇ ಮನೇಲಿ ಥರ್ಮಾಮೀಟರ್ ಮೇಸ್ತ್ರಿ ಆದ.

ಥರ್ಮಾಮೀಟರ್ ಅಂದೆ. ಮನೆಗೆ ಬಂದ ಮೇಲೆ ನಮ್ಮ ಕೆಲಸ ಅದೇ. 100.4 ತೋರಿಸಿದ್ರೆ ಸಿರಪ್ ಹಾಕಿ ಕಾಯೋ ಹಾಗಿಲ್ಲ, ಹೊರಡಬೇಕು. ಬಿಳಿ ಕಣ ಕಡಿಮೆ ಇದ್ದಾಗ ಸೋಂಕು ಕೆಲವೇ ಗಂಟೆಯಲ್ಲಿ ಮಗುನ ತಗೊಂಡುಬಿಡುತ್ತೆ. ನಾಲ್ಕು ರಾತ್ರಿ ಆ ಓಮ್ನಿಯಲ್ಲಿ 140 ಕಿಲೋಮೀಟರ್ ಹೋಗಿದ್ದೀವಿ. ರೈತರ ಮನೆ ಅಂದ್ರೆ ಧೂಳು, ಸಗಣಿ, ಬೂಷ್ಟು. ಹಳೇ ಹುಲ್ಲು, ಕಣದ ಧೂಳು, ಅಟ್ಟದ ಬೂಷ್ಟು ಈ ಮಕ್ಕಳ ಶ್ವಾಸಕೋಶಕ್ಕೆ ಕೆಟ್ಟದ್ದು. ಅಟ್ಟ ಖಾಲಿ ಆಗಿದ್ದು ಅದಕ್ಕೊಂದು ಒಳ್ಳೇದೇ ಆಯ್ತು ಅನ್ನಿ. ಒಂದು ಕೋಣೆಗೆ ಸುಣ್ಣ ಹೊಡೆದು ಅವಳಿಗೇ ಬಿಟ್ವಿ. ಕೊಟ್ಟಿಗೆಯಿಂದ ಬಂದೋರು ಕೈಕಾಲು ತೊಳೆದು ಬಟ್ಟೆ ಬದಲಾಯಿಸಿ ಒಳಗೆ ಹೋಗಬೇಕು. ನೀರು ಕುದಿಸಿದ್ದು, ಊಟ ಬಿಸಿಯದ್ದು, ಹಸಿ ಕೋಸಂಬರಿ ಇಲ್ಲ. 2024ರ ಬೇಸಿಗೆಯಲ್ಲಿ ಮೇಲಿನ ಬೀದಿಯಲ್ಲಿ ಒಂದು ಮಗುವಿಗೆ ಅಮ್ಮ ಆಯ್ತು. ನಮ್ಮ ಕಡೆ ಅಮ್ಮ ಆದ್ರೆ ಯಾರಿಗೂ ಹೇಳಲ್ಲ, ಬೇವಿನ ಸೊಪ್ಪು ಕಟ್ಟಿ ಸುಮ್ಮನಿರ್ತಾರೆ. ಆ ತಾಯಿ ಮಾತ್ರ ರಾತ್ರಿ ನಮ್ಮ ಬಾಗಿಲಿಗೆ ಬಂದು, ದೂರ ನಿಂತು, "ನಿಮ್ಮ ಮಗುನ ಬೇರೆ ಕಡೆ ಕಳಿಸಿ" ಅಂತ ಹೇಳಿ ಹೋದಳು. ಆಸ್ಪತ್ರೆಗೆ ಫೋನ್ ಮಾಡಿ ಹೇಳಿ, ಮೂರು ವಾರ ತಿಪಟೂರಲ್ಲಿ ಬೀಗರ ಮನೆಯಲ್ಲಿ ಇಟ್ಟಿದ್ವಿ. ಆ ಹೆಣ್ಣುಮಗಳ ಋಣ ನಮ್ಮ ಮೇಲಿದೆ.

2024ರ ಯುಗಾದಿ ಆದ ಮೇಲೆ ಮೆಯಿಂಟೆನೆನ್ಸ್ ಅನ್ನೋ ಹಂತ. ದಿನಾ ರಾತ್ರಿ ಒಂದು ಮಾತ್ರೆ, ವಾರಕ್ಕೆ ಒಂದೇ ದಿನ ಇನ್ನೊಂದು ಬಗೆಯ ಮಾತ್ರೆ. ಆ ವಾರದ ಮಾತ್ರೆ ಮರೆತು ದಿನಾ ಕೊಟ್ಟರೆ ಜೀವಕ್ಕೆ ಅಪಾಯ. ದಿನದ ಮಾತ್ರೆ ಇಪ್ಪತ್ತರಲ್ಲಿ ಒಂದಕ್ಕಿಂತ ಹೆಚ್ಚು ತಪ್ಪಿದರೂ ಕಾಯಿಲೆ ಮರಳೋ ಸಾಧ್ಯತೆ ಏರುತ್ತೆ. ಈ ಹಂತ ಸುಲಭ ಅಂತ ಎಲ್ಲರೂ ಅಂದ್ಕೊಳ್ತಾರೆ, ಯಾಕಂದ್ರೆ ಮಗು ಮನೇಲೇ ಇರುತ್ತೆ. ನನಗೆ ಇದೇ ಕಷ್ಟ ಅನ್ನಿಸಿದ್ದು. ಕೂದಲು ಬಂತು, ಗುಂಗುರು ಗುಂಗುರಾಗಿ ಬಂತು. ಈ ಜೂನ್‌ನಲ್ಲಿ ಒಂದನೇ ಕ್ಲಾಸಿಗೆ ಸೇರಿದಳು. ಕಣ್ಣೆದುರು ಗಟ್ಟಿಯಾಗಿರೋ ಮಗುವಿಗೆ ದಿನಾ ಮಾತ್ರೆ ಕೊಡೋದು ಅಂದ್ರೆ, ಹುಳ ಕಾಣದ ಗಿಡಕ್ಕೆ ಔಷಧಿ ಹೊಡೆದ ಹಾಗೆ, ಕೈ ಬರಲ್ಲ. ಮದುವೆ ಮನೆ, ಜಾತ್ರೆ, ಹಬ್ಬ, ಒಂದು ದಿನ ತಪ್ಪಿದ್ರೆ ಏನು ಅನ್ನಿಸುತ್ತೆ. ಡೇರಿ ಪಾಸ್‌ಬುಕ್ಕಿನ ಥರ ಒಂದು ಪುಸ್ತಕ ಮಾಡಿದ್ದೀನಿ. ತಾರೀಖು, ಮಾತ್ರೆ, ಕೊಟ್ಟವರ ಸಹಿ. ಅವಳ ಅಣ್ಣನ ಸಹಿಯೇ ಹೆಚ್ಚು ಇದೆ.

ಈಗ ಬರೆದ ಕಾರಣ. ಹೋದ ವಾರ ಎಪಿಎಂಸಿಯಲ್ಲಿ ಒಬ್ಬರು ಸಿಕ್ಕಿದ್ರು. ಪಕ್ಕದ ಹೋಬಳಿ, ಊರು ಹೇಳಲ್ಲ. ಅವರ ತಮ್ಮನ ಮಗನಿಗೆ ಇದೇ ಕಾಯಿಲೆ. ಒಂದು ತಿಂಗಳು ಆಸ್ಪತ್ರೆಯಲ್ಲಿದ್ದು ರಿಪೋರ್ಟ್ ಚೆನ್ನಾಗಿ ಬಂದಿದೆ. ಊರಿಗೆ ಬಂದಿದ್ದಾರೆ. ರಾಗಿ ಕೊಯ್ಲು ಇದೆ, ಮಗನೂ ಆಡಿಕೊಂಡಿದ್ದಾನೆ, ಮುಂದಿನ ತಾರೀಖಿಗೆ ಹೋಗಲಿಲ್ಲ, ಸಂಕ್ರಾಂತಿ ಆದ ಮೇಲೆ ನೋಡೋಣ ಅಂತಿದ್ದಾರೆ ಅಂದರು. ನಾನು ಫೋನ್ ಮಾಡಿದೆ. ಆ ಅಪ್ಪ ಮರ್ಯಾದೆಯಿಂದಲೇ ಮಾತಾಡಿದ, ಆಯ್ತು ಅಣ್ಣ ಅಂದ. ಆಯ್ತು ಅನ್ನೋದು ಎಂಥದ್ದು ಅಂತ ನಮಗೆಲ್ಲಾ ಗೊತ್ತು.

ಅವರ ರಾಗಿ ಒಂದೂವರೆ ಎಕರೆ. ನಿಮ್ಮಲ್ಲಿ ಯಾರಿಗಾದರೂ ಆ ಮನೆ ಯಾವುದು ಅಂತ ಗೊತ್ತಾಗಿದ್ರೆ, ದಯವಿಟ್ಟು ಹಣ್ಣು ತಗೊಂಡು ನೋಡೋಕೆ ಹೋಗಬೇಡಿ. ಕುಡುಗೋಲು ತಗೊಂಡು ಹೋಗಿ. ಆರು ಜನ ನಿಂತರೆ ಎರಡು ದಿನದ ಕೊಯ್ಲು. ನಮ್ಮೂರಿಂದ ಮೂರು ಜನ ಭಾನುವಾರ ಹೊರಟಿದ್ದೀವಿ, ನಮ್ಮಣ್ಣನೂ ಬರ್ತಾನೆ. ಅವರ ಹಸು ಕರೆಯೋಕೆ ಒಬ್ಬರು ಬೇಕು, ಮಧ್ಯಾಹ್ನದ ಮೇಲೆ ಬಿಡುವಿರೋರು ಹೇಳಿ. ರೇಷನ್ ಕಾರ್ಡಲ್ಲಿ ಹುಡುಗನ ಹೆಸರು ತಪ್ಪಿದೆಯಂತೆ, ಅದನ್ನ ಸೊಸೆ ನೋಡ್ತೀನಿ ಅಂದಿದ್ದಾಳೆ.

ಪುಟ್ಟಿಗೆ ಇನ್ನು ಎರಡು ತಿಂಗಳ ಮಾತ್ರೆ ಉಳಿದಿದೆ. ನಿಲ್ಲಿಸಿದ ಮೇಲೂ ವರ್ಷಗಟ್ಟಲೆ ರಕ್ತ ಪರೀಕ್ಷೆಗೆ ಹೋಗ್ತಾ ಇರಬೇಕು. ಮುಂದಿನ ತಾರೀಖು ಬರೋ ಮಂಗಳವಾರ. ನಾನು, ಸೊಸೆ, ಪುಟ್ಟಿ ತಿಪಟೂರು ಸ್ಟೇಷನ್ನಿನಲ್ಲಿ ಬೆಳಗಿನ ರೈಲಿಗೆ ಇರ್ತೀವಿ. ಆ ಹುಡುಗನ ಅಪ್ಪನಿಗೆ ಹೇಳಿದ್ದೀನಿ, ಮಗುನ ಕರಕೊಂಡು ಸುಮ್ಮನೆ ಪ್ಲಾಟ್‌ಫಾರಂಗೆ ಬಂದುಬಿಡು, ಅಲ್ಲಿಂದ ಮುಂದೆ ಎಲ್ಲಿ ಏನು ಅಂತ ಪುಟ್ಟಿಗೇ ಗೊತ್ತು, ಅವಳೇ ತೋರಿಸ್ತಾಳೆ ಅಂತ.